ಅಕ್ಕ ಅಳಿಸಿದ ದೋಣಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ, ಫೋನು ಬಡಿದುಕೊಂಡಿತು. ಊರೆಲ್ಲ ಕೇಕ್ ಅಕ್ಕ ಎಂದು ಕರೆಯುವವಳ ತಂಗಿಯ ಮಗಳು.

"ಅಣ್ಣಾ, ದೊಡ್ಡವ್ವಂದು ಒಂದ್ ಒಳ್ಳೇ ಫೋಟೋ ಇದ್ರ ಕಳ್ಸಿ."

ಬಾಯಿ ತುಂಬ ನೊರೆ ಇಟ್ಟುಕೊಂಡೇ ತಮಾಷೆ ಮಾಡಿದೆ. "ಯಾಕವ್ವ, ನಿಮ್ ದೊಡ್ಡವ್ವ ಎಲೆಕ್ಷನ್‌ಗ ನಿಂತ್ಳಾ?"

"ದೊಡ್ಡವ್ವ ಓಗ್ಬುಟ್ಲು ಅಣ್ಣಾ. ಎದ್ದೇಳ್ಸಕ ಓದ್ರ ಏಳ್ನಿಲ್ಲ. ಬ್ಯಾನರ್‌ಗ ಫೋಟೋ ಕೇಳ್ತಾವ್ರ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ತಮಾಷೆಯನ್ನು ವಾಪಸ್ಸು ನುಂಗಲು ನನಗೆ ಇನ್ನೂ ಆಗಿಲ್ಲ. ಹಿಂದಿನ ದಿನ ಸಾಯಂಕಾಲವಷ್ಟೇ ಕೊಳ್ಳೇಗಾಲದ ತನ್ನ ಅಂಗಡಿ ಮುಂದೆ ನನ್ನ ಬೈಕು ನಿಲ್ಲಿಸಿ, "ಸೊರಗೋಗಿದ್ದೀಯಲ್ಲೋ, ಒಟ್ಟಗ ಏನೂ ತಿನ್ನಲ್ವಾ?" ಎಂದು ಬೈದು ಕಳಿಸಿದ್ದ ಹೆಂಗಸು. ಐವತ್ತೆರಡು ಸಾಯುವ ವಯಸ್ಸೇ? ನಾನು ಬಾಯಿ ಮುಕ್ಕಳಿಸುವುದನ್ನೂ ಮರೆತು ಕಂಪ್ಯೂಟರ್ ಮುಂದೆ ಕೂತೆ.

ನಾನು ಮದುವೆ ಫೋಟೋ ತೆಗೆಯುವವನು. ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿನಲ್ಲಿ ಆರತಕ್ಷತೆ ಎಂದರೆ ಕೇಕ್ ಇರಲೇಬೇಕು ಅನ್ನುವ ಕಾಲ ಬಂದಾಗಿನಿಂದ ಅಕ್ಕನೂ ನಾನೂ ಒಂದೇ ಮಂಟಪಗಳಲ್ಲಿ ದುಡಿದವರು. ಅವಳ ಕೇಕಿಲ್ಲದ ಆಲ್ಬಂ ನನ್ನ ಬಳಿ ಕಡಿಮೆ. ಒಂದೊಂದೇ ಮದುವೆ ತೆರೆದು ನೋಡಿದೆ. ಕೇಕ್ ಇತ್ತು. ಕೇಕಿನ ಪಕ್ಕ ಒಂದು ಕೈ ಇತ್ತು. ಬಳೆ ಇಲ್ಲದ ಮಣಿಕಟ್ಟು, ಹಿಟ್ಟು ಮೆತ್ತಿದ ಸೆರಗಿನ ತುದಿ, ಅಂಚಿನಲ್ಲಿ ಅರ್ಧ ಮೊಣಕೈ ಇತ್ತು. ಮುಖ ಎಲ್ಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ, ಇಷ್ಟು ಸಾವಿರ ಫೋಟೋಗಳಲ್ಲಿ, ಒಂದರಲ್ಲೂ ಇರಲಿಲ್ಲ. ನಾನೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಫೋಟೋ ತೆಗೆಯುತ್ತಿದ್ದೆನಾ?

ಮುಖ ಇಲ್ಲದ್ದಕ್ಕೆ ಕಾರಣ ಗೊತ್ತಿಲ್ಲದ್ದೇನಲ್ಲ. ಅಕ್ಕ ವೇದಿಕೆ ಹತ್ತುತ್ತಿರಲಿಲ್ಲ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದವನು, ಸಣ್ಣ ವಯಸ್ಸಿಗೇ ತೀರಿಕೊಂಡ. ಆಮೇಲೆ ಮದುವೆ ಮನೆಯ ಹೆಂಗಸರು ಇವಳನ್ನು ಅಕ್ಕಿ ಆರಿಸುವುದಕ್ಕೂ ಕರೆಯಲಿಲ್ಲ. ಇವಳು ಒಲೆಯನ್ನೇ ಮನೆಗೆ ತಂದುಕೊಂಡಳು. "ಸಾಸ್ತ್ರ ಇರದ್ನೆಲ್ಲ ಮುಟ್ಬ್ಯಾಡ ಅಂದ್ರು. ಕೇಕ್‌ಗ ಸಾಸ್ತ್ರ ಎಲ್ಲದ? ಅದ್ಕ ಅದ್ನೇ ಇಡ್ಕಂಡಿ ಕಣ್ಲಾ" ಎಂದು ನಗುತ್ತಿದ್ದಳು. ಕೇಕ್ ಹೊತ್ತು ತಂದು ಜನ ಬರುವ ಮುಂಚೆ ಮೇಜಿನ ಮೇಲೆ ಕೂರಿಸಿ, ಕೊನೆಯ ಹೂವು ಅಂಟಿಸಿ, ಮಂಟಪದ ಹಿಂದೆ ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಕತ್ತರಿಸಿದ ಮೇಲೆ ಯಾರಾದರೂ ಒಂದು ಚೂರು ತಂದುಕೊಟ್ಟರೆ, "ಆ ಮೆತ್ತಗಿರದು ನಂಗ ಸೇರಲ್ಲ, ಚಕ್ಕುಲಿ ಇದ್ರ ತಕ ಬಾ" ಅನ್ನುತ್ತಿದ್ದಳು. ಅಷ್ಟು ಕೇಕ್ ಮಾಡಿದವಳು ಕೇಕ್ ತಿಂದದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಅದು ದೋಣಿಯ ದಿನ.

ಮೊದಲು ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಿದ್ದವಳು ಅವಳು. ಮರದ ಅಚ್ಚಿಗೆ ಪಾಕ ಹೊಯ್ದು ಆನೆ, ಗಿಳಿ, ತೇರು ತೆಗೆಯುವ ಕೆಲಸ. ಅದರಲ್ಲೇ ಅವಳಿಗೆ ಅಚ್ಚಿನ ಮೇಲೆ ಜಿಗುಪ್ಸೆ ಹುಟ್ಟಿತಂತೆ. "ಎಲ್ಲಾರ್ ಮನಗೂ ಅದೇ ಆನ, ಅದೇ ಗಿಳಿ. ಸಂತೇಲಿ ಕೊಂಡ ಬೊಂಬ ಅಂಗ." ಕೇಕ್ ಹಿಡಿದ ಮೇಲೆ ಅಚ್ಚು ಮುಟ್ಟಲಿಲ್ಲ. ಮಾಡಬೇಕಾದ ವಸ್ತುವನ್ನು ಹೋಗಿ ಕಣ್ಣಾರೆ ನೋಡಿ, ಮುಟ್ಟಿ, ಆಮೇಲೆಯೇ ಮಾಡುವುದು ಅವಳ ಹಟ. ಬಿಳಿಗಿರಿರಂಗನ ಬೆಟ್ಟದ ಫಾರೆಸ್ಟ್ ಗಾರ್ಡ್ ಒಬ್ಬ ಮಗಳ ಹುಟ್ಟಿದ ಹಬ್ಬಕ್ಕೆ ಆನೆ ಕೇಕ್ ಹೇಳಿದ್ದ. ಇವಳು ಬಸ್ಸು ಹತ್ತಿ ಬೆಟ್ಟಕ್ಕೆ ಹೋದಳು. ಒಂದು ದಿನ ಆನೆ ಕಾಣಲಿಲ್ಲವೆಂದು ಮಾರನೆ ದಿನ ಮತ್ತೆ ಹೋದಳು. ಕೇಕ್ ತೆರೆದಾಗ ಆ ಗಾರ್ಡ್ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅಯ್ಯೋ, ಇದು ನಮ್ ಚೆಕ್‌ಪೋಸ್ಟ್ ಅತ್ರ ಬರೋ ಕಿವಿ ಅರ್ದಿರೋ ಆನ ಅಲ್ವಾ!" ಅಗರದ ರೈತನೊಬ್ಬನ ಟ್ರಾಕ್ಟರ್ ಮಾಡಿದಾಗ ಒಡೆದ ಎಡಗಡೆ ಲೈಟನ್ನೂ ಹಾಗೇ ಮಾಡಿಟ್ಟಿದ್ದಳು. ಅವನು ನಕ್ಕು ನಕ್ಕು, ಆಮೇಲೆ ಸಿಟ್ಟು ಬಂದು, ಮಾರನೆ ದಿನವೇ ಲೈಟು ಹಾಕಿಸಿದ.

ದೋಣಿ ಕೇಕ್ ಕೇಳಿಕೊಂಡು ಬಂದವನು ಹನೂರಿನ ಹುಡುಗ. ಅಲ್ಲಿ ಅವರದು ಗೊಬ್ಬರದ ಅಂಗಡಿ, ಜಮೀನು, ಮೊಟ್ಟೆಯನ್ನೂ ಮುಟ್ಟದ ಮನೆತನ. ಅವನು ಪ್ರೀತಿಸಿದ್ದು ಹೊಳೆದಂಡೆಯ ಅಂಬಿಗನ ಮಗಳನ್ನು. ಹೊಳೆಮೀನು ಇಲ್ಲದೆ ಊಟ ಮಾಡದ ಮನೆ ಅವರದು. ಇಬ್ಬರೂ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬಂದಿದ್ದರು. ಹುಡುಗನ ಮನೆಯವರು ಗೊಣಗಿ ಗೊಣಗಿ ಕೊನೆಗೆ ಹನೂರಿನಲ್ಲಿ ಆರತಕ್ಷತೆಗೆ ಒಪ್ಪಿದ್ದರು. ಹುಡುಗಿಯ ಅಪ್ಪ ಮಾತ್ರ ಮಗಳ ಹತ್ತಿರ ಮಾತು ಬಿಟ್ಟಿದ್ದ.

"ಅಕ್ಕಾ, ನಮ್ಮಾವ ನನ್ ಮಕ ನೋಡಲ್ಲ. ಆರತಕ್ಷತಗ ಬತ್ತೀನಿ ಅಂತ ಒಂದ್ ಮಾತ್ ಅಂದವ್ರ, ಅಷ್ಟೇಯ" ಎಂದ ಹುಡುಗ. "ಅವ್ರ ದೋಣೀನೇ ಕೇಕ್ ಮಾಡ್ಕೊಡಿ. ನಂಗ ಅವ್ರ ಮ್ಯಾಲ ಮರ್ವಾದಿ ಅದ ಅಂತ ಗೊತ್ತಾಗ್ಲಿ. ಆದ್ರ ಅವ್ರಿಗ ಮುಂಚೇನೇ ಗೊತ್ತಾಗ್ಬಾರ್ದು."

ಅಕ್ಕನಿಗೆ ಆ ಹುಡುಗ ಹಿಡಿಸಿಬಿಟ್ಟ. ಮಾರನೆ ದಿನವೇ ನನ್ನ ಬೈಕಿನ ಹಿಂದೆ ಕೂತಳು. ನಾನೇ ಹೋಗಿ ಫೋಟೋ ತೆಗೆದುಕೊಂಡು ಬರುತ್ತೇನೆ, ನಿನಗ್ಯಾಕೆ ಬಿಸಿಲು ಎಂದೆ. "ನಿನ್ ಫೋಟೋಗ ಬೆನ್ನಿಲ್ಲ ಕಣ್ಲಾ" ಎಂದಳು. ಇಷ್ಟು ವರ್ಷ ಕ್ಯಾಮೆರಾ ಹಿಡಿದವನಿಗೆ ಹೇಳುವ ಮಾತೇ ಅದು? ಹೊಳೆ ಮುಟ್ಟುವವರೆಗೂ ನಾನು ಅವಳ ಹತ್ತಿರ ಮಾತಾಡಲಿಲ್ಲ.

ಅಂಬಿಗ ನಮ್ಮನ್ನು ದಾಟುವ ಜನ ಅಂದುಕೊಂಡ. ಆ ದಡಕ್ಕೆ ಹೋದೆವು, ಅಕ್ಕ ಇಳಿಯಲಿಲ್ಲ. ಈ ದಡಕ್ಕೆ ಬಂದೆವು, ಇಳಿಯಲಿಲ್ಲ. ಮೂರನೇ ಸಲ ಅವನು ಹುಟ್ಟು ನಿಲ್ಲಿಸಿ, "ಅವ್ವಾ, ನೀವು ಯಾವ ದಡಕ್ಕ ಓಗ್ಬೇಕು ಯೋಳಿ?" ಎಂದು ಕೇಳಿದ.

"ಯಾವ್ದೂ ಬ್ಯಾಡ ಅಣ್ಣಾ. ದೋಣೀಲಿ ಕುಂತ್ರ ಸಂದಾಗದ."

ಅವನಿಗೆ ಖುಷಿಯಾಯಿತು. ಅಕ್ಕ ಸುಮ್ಮನೆ ಕೂತಂತೆ ಕೂತು, ಕೈಯಲ್ಲಿ ಗೇಣು ಹಾಕಿ ಅಳೆಯುತ್ತಿದ್ದಳು. ದೋಣಿಯ ಮೂತಿಗೆ ಬಳಿದಿದ್ದ ಕೆಂಪು ಬಣ್ಣ, ಹಗ್ಗ ಉಜ್ಜಿ ಉಜ್ಜಿ ಸವೆದ ಕಚ್ಚು, ಒಂದು ತುದಿ ಮುರಿದ ಕೂರುವ ಹಲಗೆ, ಎಲ್ಲದರ ಮೇಲೂ ಹೆಬ್ಬೆರಳು ಆಡಿಸಿದಳು. ಎಡಗಡೆ ಪಕ್ಕದ ಹಲಗೆಗೆ ಅಂಗೈಯಗಲದ ತಗಡಿನ ತೇಪೆ ಹೊಡೆದಿತ್ತು. "ಇದೇನಾಯ್ತಣ್ಣಾ ಇಲ್ಲಿ?"

ಅವನು ಹೊಳೆ ನೋಡುತ್ತ ಹೇಳಿದ. ಮಗಳಿಗೆ ಆಗ ಆರು ವರ್ಷ. ಸ್ಕೂಲಿನಿಂದ ಕರೆದುಕೊಂಡು ಬರುವಾಗ ಹೊಳೆ ಏರಿತ್ತು. ಬಂಡೆ ಬಡಿದು ಹಲಗೆ ಕಿತ್ತುಹೋಯಿತು. ಟವೆಲ್ಲು ತುರುಕಿ, ಅದರ ಮೇಲೆ ಹಿಮ್ಮಡಿ ಒತ್ತಿಟ್ಟು ಹುಟ್ಟು ಹಾಕಿದ. ಮಗಳು ಊಟದ ಡಬ್ಬಿಯಲ್ಲಿ ನೀರು ತೋಡಿ ತೋಡಿ ಎಸೆದಳು. "ಅಳ್ನೇ ಇಲ್ಲ ಕಣವ್ವಾ ಮಗ. ದಡ ಮುಟ್ಟದ್ ಮ್ಯಾಲ, ಡಬ್ಬಿ ಮುಚ್ಳ ಹೊಳೇಲಿ ಓಯ್ತು ಅಂತ ಅತ್ಲು." ಅಷ್ಟು ಹೇಳಿ ಅವನು ಮತ್ತೆ ಹುಟ್ಟು ಹಾಕಿದ. ಮಗಳು ಈಗ ಎಲ್ಲಿದ್ದಾಳೆ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಕೇಕನ್ನು ಅಕ್ಕ ಮೂರು ದಿನ ಮಾಡಿದಳು. ಮೊಸರು ಹಾಕಿ ಬೇಯಿಸಿದ ಕೇಕಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಬ್ರೆಡ್ಡು ಕೊಯ್ಯುವ ಚಾಕುವಿನಲ್ಲಿ ಹೊಟ್ಟೆ ಕೆತ್ತಿದಳು. ಅದರ ಮೇಲೆ ಸಕ್ಕರೆ ಕಣಕವನ್ನು ಲಟ್ಟಿಸಿ, ಕಂದು ಬಣ್ಣ ಕಲಸಿ, ಒಂದೊಂದೇ ಹಲಗೆ ಕೂರಿಸಿದಳು. ಸಂದಿಗೆ ಟಾರಿನ ಬದಲು ಚಾಕೊಲೇಟು. ತೇಪೆಗೆ ಮಿಠಾಯಿಗೆ ಅಂಟಿಸುವ ಬೆಳ್ಳಿ ಹಾಳೆ. ಹಲ್ಲುಕಡ್ಡಿಯ ಮೊನೆಯಲ್ಲಿ ತೇಪೆಯ ಸುತ್ತ ಮೊಳೆ ಇಡುತ್ತಿದ್ದಾಗ ನಾನು ಅವತ್ತು ದೋಣಿಯಲ್ಲಿ ಫೋನಿನಿಂದ ತೆಗೆದಿದ್ದ ಫೋಟೋ ತೋರಿಸಿ, "ಎಂಟೇ ಮೊಳೆ ಅಕ್ಕಾ, ನೀನು ಒಂಬತ್ತು ಮಾಡಿದ್ದೀಯ" ಎಂದು ತಪ್ಪು ಹಿಡಿದೆ.

"ಒಂಬತ್ತೇ ಅದ."

"ಎಲ್ಲಿ? ನೋಡು."

"ತಗಡು ಮಡ್ಚವ್ರಲ್ಲ, ಅದ್ರ ಅಡೀಲಿ ಒಂದದ. ಕಣ್ಗ ಕಾಣಲ್ಲ, ಬೆರಳ್ಗ ಸಿಕ್ತದ" ಎಂದು ಹೆಬ್ಬೆರಳು ತೋರಿಸಿದಳು. ಕಾಣದ ಮೊಳೆಯನ್ನು ಯಾರು ಎಣಿಸುತ್ತಾರೆ, ಕೆಲಸವಿಲ್ಲದ ಆಚಾರಿ ಎಂದು ಆಡಿಕೊಂಡು ಎದ್ದು ಬಂದೆ.

ಆರತಕ್ಷತೆ ಮಧ್ಯಾಹ್ನ. ವ್ಯಾನಿನಲ್ಲಿ ಅಕ್ಕ ಎರಡು ಮೊಳ ಉದ್ದದ ದೋಣಿಯನ್ನು ತೊಡೆಗಳ ನಡುವೆ ಹಿಡಿದು ಕೂತಿದ್ದಳು. ಕಾಮಗೆರೆಯ ರೋಡ್ ಹಂಪಿನಲ್ಲಿ ವ್ಯಾನು ಎಗರಿದಾಗ, "ಮೆಲ್ಲಗ ಓಡ್ಸ್ಲಾ, ದೋಣಿ ಮುಳುಗ್ತದ" ಎಂದು ಡ್ರೈವರಿಗೆ ಗದರಿದಳು. ಹನೂರಿನ ಮಂಟಪದಲ್ಲಿ ಅದನ್ನು ಕೂರಿಸಿ, ಮೇಲೆ ಬಟ್ಟೆ ಮುಚ್ಚಿ, ನಲ್ಲಿಯ ಹತ್ತಿರ ಹೋದಳು.

ಅಂಬಿಗ ಬಂದಿದ್ದ. ಮಡಿಕೆ ಗುರುತು ಹೋಗದ ಹೊಸ ಬಿಳಿ ಅಂಗಿ. ಬಾಗಿಲ ಪಕ್ಕದ ಕೊನೆ ಸಾಲಿನಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವನ ಹಾಗೆ ಅರ್ಧ ಕುರ್ಚಿಯಲ್ಲಿ ಕೂತಿದ್ದ. ಅಳಿಯ ತಾನೇ ಇಳಿದು ಹೋಗಿ ಕೈ ಹಿಡಿದು ಕರೆತಂದು ಬಟ್ಟೆ ಸರಿಸಿದ. ಇಡೀ ಮಂಟಪ ಹಾ ಎಂದಿತು. ಅಂಬಿಗ ಕೇಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ತೇಪೆಯ ಹತ್ತಿರ ಬೆರಳು ಒಯ್ದ, ಮುಟ್ಟಲಿಲ್ಲ. "ಇದು ನಮ್ದು" ಎಂದ. ತಿರುಗಿ ಮಗಳ ಮುಖ ನೋಡಿದ. ತಿಂಗಳುಗಳ ಮೇಲೆ ಮೊದಲ ಸಲ. ಆ ಹುಡುಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಜನ ಚಪ್ಪಾಳೆ ಹೊಡೆದರು, ನಾನು ಟಕಟಕ ಫೋಟೋ ಹೊಡೆದೆ.

ಅಷ್ಟರಲ್ಲಿ ಮೈಕಿನವನು, "ಈಗ ವಧೂವರರು ಕೇಕ್ ಕತ್ತರಿಸುತ್ತಾರೆ" ಎಂದ. ಯಾರೋ ಕೆಂಪು ರಿಬ್ಬನ್ ಕಟ್ಟಿದ ಚಾಕು ಮಗಳ ಕೈಗಿಟ್ಟರು.

ಅಂಬಿಗನ ಮುಖದ ರಕ್ತವೆಲ್ಲ ಇಳಿದುಹೋದದ್ದು ಕ್ಯಾಮೆರಾದ ಕಿಂಡಿಯಲ್ಲಿ ನನಗೇ ಕಂಡಿತು. ಅವನು ಕೂಗಲಿಲ್ಲ. ಮೆಲ್ಲಗೆ, ಮಗಳಿಗೆ ಮಾತ್ರ ಅನ್ನುವ ಹಾಗೆ, "ನಾ ಇನ್ನೂ ಬದ್ಕಿವ್ನಲ್ಲ ಮಗಾ" ಎಂದ.

ಚಾಕು ಅವಳ ಕೈಯಿಂದ ಕೆಳಗೆ ಬಿತ್ತು. "ಅಪ್ಪಾ, ಗ್ಯಾನ ಇರ್ನಿಲ್ಲ ಕಣಪ್ಪಾ" ಎಂದು ಅವಳು ಗೊಳೋ ಎಂದು ಅತ್ತಾಗ, ಅವಳ ಬಾಯಿಂದಲೇ ನಮಗೆಲ್ಲ ತಿಳಿದದ್ದು. ಅವರ ಮನೆಯಲ್ಲಿ ಕಟ್ಟಿದ ದೋಣಿಗೆ ಕಡಿಯುವ ಅಲಗು ತಾಗುವುದು ಅದರ ಒಡೆಯ ಸತ್ತ ದಿನ ಮಾತ್ರ. ಅವತ್ತು ದೋಣಿಗೆ ಕೊಡಲಿ ಹಾಕಿ ಒಂದು ಹಲಗೆ ಕಿತ್ತು, ಅವನ ಜೊತೆ ಸೌದೆಗೆ ಇಡುತ್ತಾರೆ. ತಾತನ ದೋಣಿಗೆ ಹಾಗೆ ಮಾಡಿದ್ದನ್ನು ಅವಳೇ ನೋಡಿದ್ದಳು. ಈಗ ಅಪ್ಪನ ಕಣ್ಣೆದುರು, ಅಪ್ಪನ ದೋಣಿಗೆ, ಅವನ ಮಗಳ ಕೈಯಲ್ಲಿ ಚಾಕು.

ಅಚ್ಚಿನಲ್ಲಿ ತೆಗೆದ ಯಾವುದೋ ಬೊಂಬೆ ದೋಣಿಯಾಗಿದ್ದರೆ ಅಂಬಿಗನೂ ನಕ್ಕು ಕೈ ಚಾಚುತ್ತಿದ್ದ. ಅಕ್ಕ ಅವನ ದೋಣಿಯನ್ನೇ ತಂದು ಮೇಜಿನ ಮೇಲಿಟ್ಟಿದ್ದಳು. ಗಂಡಿನ ಕಡೆಯ ಹಿರಿಯರೊಬ್ಬರು, "ಬರೀ ಕೇಕ್ ಕಣಯ್ಯ, ಇದ್ಕೆಲ್ಲ ಏನು?" ಎಂದು ಉರಿಯುವುದಕ್ಕೆ ಎಣ್ಣೆ ಸುರಿದರು. ಅಳಿಯ, ಹಾಗೇ ಎತ್ತಿಡೋಣ, ಕತ್ತರಿಸುವುದೇ ಬೇಡ ಎಂದ. "ಮಡಗುದ್ರೂ ನಾಳ ಯಾರಾರ ಕುಯ್ಯದೇ ಅಲ್ವಪ್ಪ" ಎಂದು ಅಂಬಿಗ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದ. ಅವನು ಹೋದರೆ ಮತ್ತೆ ಈ ಹುಡುಗಿಗೆ ತವರಿಲ್ಲ ಎಂದು ಮಂಟಪದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ಅಕ್ಕ ವೇದಿಕೆ ಹತ್ತಿದಳು.

ಮೈಕಿನ ಸದ್ದು ನಿಂತು ಅಳು ಕೇಳಿಸಿದ್ದಕ್ಕೇ ಹಿಂದಿನಿಂದ ಓಡಿ ಬಂದು, ಹುಡುಗಿ ಅಂದದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಬರುವಾಗ ಕಾಲಿನ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಅವ್ಳ್ಯಾಕ ಮ್ಯಾಕ್ಕ ಬಂದ್ಲು?" ಎಂದು ಒಬ್ಬ ಹೆಂಗಸು ಅಂದದ್ದು ನನಗೆ ಕೇಳಿಸಿತು, ಅವಳಿಗೂ ಕೇಳಿಸಿರಬೇಕು. ಅಂಬಿಗನ ಎದುರು ನಿಂತಳು. ಆಗ ಅವನಿಗೆ ಅವಳ ಗುರುತು ಹತ್ತಿತು.

"ನೀವಾ? ಮೂರ್ ಕಿತ ದಾಟದೋರು?"

"ನಾನೇಯ ಅಣ್ಣಾ. ಎಲ್ಲಾ ಕೇಳ್ದಿ, ಇದೊಂದ್ ಕೇಳ್ನಿಲ್ಲ. ತಪ್ಪು ನಂದು. ಮಕ್ಳದಲ್ಲ." ಕೇಕಿನ ಕಡೆ ತಿರುಗಿದಳು. "ಇದು ನಿಮ್ ದೋಣಿ ಅಂತ ಎಂಗ್ ಗೊತ್ತಾಯ್ತು, ಒಂದೊಂದೇ ಯೋಳಿ."

ಅಂಬಿಗ ತಬ್ಬಿಬ್ಬಾಗಿ, "ಮೂತಿ ಕೆಂಪು" ಎಂದ.

ಅಕ್ಕ ಹೆಬ್ಬೆರಳನ್ನು ನೀರಿನ ಲೋಟದಲ್ಲಿ ಅದ್ದಿ ಮೂತಿಯ ಮೇಲೆ ಒಂದೇ ಎಳೆತ ಎಳೆದಳು. ಕೆಂಪು ಹೋಯಿತು.

"ಇನ್ನೇನದ?"

"ಅಗ್ಗದ ಕಚ್ಚು."

ಕಣಕ ಮೆತ್ತಿ ಕಚ್ಚು ಮುಚ್ಚಿದಳು.

"ಇನ್ನೇನದ ಅಣ್ಣಾ?"

"ಮುರ್ದಿರ ಅಲ್ಗ."

ಆ ಹಲಗೆಯನ್ನು ಕಿತ್ತೇ ಬಿಟ್ಟಳು. ಕೊನೆಗೆ ಅವನು ಬಾಯಲ್ಲಿ ಹೇಳಲಿಲ್ಲ, ತೇಪೆಯ ಕಡೆ ನೋಡಿದ. ಅಕ್ಕನೂ ನೋಡಿದಳು. ಒಂದು ಗಳಿಗೆ ಅವಳ ಕೈ ಮೇಲೇಳಲಿಲ್ಲ. ಆಮೇಲೆ ಹೆಬ್ಬೆರಳಿಟ್ಟು, ಬೆಳ್ಳಿ ಹಾಳೆ, ತಗಡು, ಒಂಬತ್ತು ಮೊಳೆ, ಎಲ್ಲವನ್ನೂ ಒರೆಸಿದಳು. ಮೂರು ದಿನದ ಕೆಲಸ ಮೂರು ನಿಮಿಷದಲ್ಲಿ ಹೋಯಿತು. ಅಲ್ಲಿ ಉಳಿದದ್ದು ಯಾರದೂ ಅಲ್ಲದ ಒಂದು ಕಂದು ಮುದ್ದೆ.

ಅಂಬಿಗ ಬಗ್ಗಿ ನೋಡಿದ. ಆ ಪಕ್ಕದಿಂದಲೂ ಹೋಗಿ ನೋಡಿದ. "ಇಲ್ಲ" ಎಂದ. "ಇದು ನಂದಲ್ಲ. ಮಿಠಾಯಿ." ನೆಲದಿಂದ ಚಾಕು ಎತ್ತಿ, ಟವೆಲ್ಲಿನಲ್ಲಿ ಒರೆಸಿ ಮಗಳ ಕೈಗೆ ಕೊಟ್ಟು, ಆ ಕೈ ಮೇಲೆ ಅಳಿಯನ ಕೈ ಎಳೆದಿಟ್ಟು, ಮೇಲೆ ತನ್ನ ಕೈ ಇಟ್ಟ.

ಆ ಫೋಟೋ ನನ್ನ ಹತ್ತಿರ ಇದೆ. ಅದಕ್ಕೆ ಹಿಂದಿನ ಮೂರು ನಿಮಿಷದ್ದು ಒಂದೂ ಇಲ್ಲ. ಅಕ್ಕ ವೇದಿಕೆಯ ದೀಪದ ಕೆಳಗೆ, ಮುಖ ಪೂರ್ತಿ ಕಾಣುವ ಹಾಗೆ ನಿಂತದ್ದು ಅದೊಂದೇ ಸಲ. ನಾನು ಬಾಯಿ ಕಳೆದುಕೊಂಡು ನಿಂತಿದ್ದೆ. ಕ್ಯಾಮೆರಾ ಹೊಟ್ಟೆಯ ಮೇಲೆ ನೇತಾಡುತ್ತಿತ್ತು.

ಆಮೇಲೆ ನಲ್ಲಿಯ ಹತ್ತಿರ ಹೋದಾಗ ಅವಳು ಕೈ ತೊಳೆಯದೆ ಕೂತಿದ್ದಳು. "ಮೂರ್ ದಿನದ ಕೆಲ್ಸ ಕೈಲದ ನೋಡ್ಲಾ" ಎಂದು ತೋರಿಸಿದಳು. ಬೆರಳುಗಳಲ್ಲಿ ಕೆಂಪು, ಕಂದು, ಬೆಳ್ಳಿ. ಅವಳು ಹೆಬ್ಬೆರಳನ್ನು ಬಾಯಿಗಿಟ್ಟು ಚೀಪಿ, "ಸಿಹಿ ವಸಿ ಜಾಸ್ತಿ ಆಗದ" ಎಂದಳು.

ಇದೆಲ್ಲ ಎರಡು ವರ್ಷದ ಹಿಂದಿನದು. ಅವಳ ಫೋಟೋಗೆ ಹುಡುಕಿ ಸೋತು, ಅವಳ ಆಧಾರ್ ಕಾರ್ಡಿನ ಮಸುಕು ಚಿತ್ರವನ್ನೇ ತಿದ್ದಿ ಬ್ಯಾನರಿಗೆ ಕೊಟ್ಟು, ತಲೆ ತಗ್ಗಿಸಿಕೊಂಡು ಸುಡುಗಾಡಿಗೆ ಹೋದೆ. ಸೌದೆ ಒಟ್ಟಿ ಆಗಿತ್ತು. ಬೆಂಕಿ ಇಡುವ ಹೊತ್ತಿಗೆ ಹಿಂದಿನಿಂದ ಯಾರೋ, "ವಸಿ ತಡೀರಪ್ಪಾ" ಎಂದರು. ತಿರುಗಿದರೆ ಅಂಬಿಗ. ಪಕ್ಕದಲ್ಲಿ ಅಳಿಯ, ಮಗಳು. ಅಂಬಿಗನ ಹೆಗಲ ಮೇಲೆ ಟವೆಲ್ಲು ಸುತ್ತಿದ ಒಂದು ಹಲಗೆ.

ಅವನು ಟವೆಲ್ಲು ಬಿಚ್ಚಿದ. ಕೊಡಲಿ ಬಿದ್ದ ತುದಿಗಳು ಹಸಿಹಸಿಯಾಗಿ ಬೆಳ್ಳಗಿದ್ದವು. ನಡುವೆ ಅಂಗೈಯಗಲದ ತಗಡಿನ ತೇಪೆ. ಚಾಕು ಕಂಡು ಬಿಳಿಚಿಕೊಂಡಿದ್ದ ಈ ಮನುಷ್ಯ, ಬದುಕಿರುವಾಗಲೇ ತನ್ನ ದೋಣಿಗೆ ತಾನೇ ಕೊಡಲಿ ಹಾಕಿದ್ದ.

"ಅಣ್ಣಾ, ಇದೇನ್ ಮಾಡ್ಬುಟ್ರಿ?" ಎಂದೆ.

"ಆವಮ್ಮ ತಿಂಗ್ಳಿಗೊಂದ್ ಕಿತ ಬತ್ತಿತ್ತು. ಸುಮ್ನ ಕುಂತ್ಕಂಡು ಆ ದಡ, ಈ ದಡ. ನಿಮ್ಗ ಯೋಳ್ನಿಲ್ವಾ?" ನನಗೆ ಯಾರೂ ಹೇಳಿರಲಿಲ್ಲ. "ಅವತ್ತು ಅಳುಸ್ತಲ್ಲ, ಆ ದೋಣಿ ಆವಮ್ಮಂದು. ನನ್ ಮಗಳ್ಗೋಸ್ಕರ ಅಳುಸ್ತು. ಬರೀ ಕೈಲಿ ಎಂಗ್ ಕಳ್ಸನ ಯೋಳಿ."

"ನಿಮ್ ದೋಣಿ?"

"ಓಗಿ ವೊಸ ಅಲ್ಗ ಬಡೀತೀನಿ. ಸಂಜಗ ಸ್ಕೂಲ್ ಮಕ್ಳು ಕಾಯ್ತಾ ಇರ್ತವ."

ಹಲಗೆಯನ್ನು ಒಂದು ಕಡೆಯಿಂದ ಅವನು ಹಿಡಿದ, ಇನ್ನೊಂದು ಕಡೆ ನಾನು ಹಿಡಿದೆ. ಅವಳ ಎದೆಯ ಪಕ್ಕದಲ್ಲಿ, ತೇಪೆ ಮೇಲೆ ಬರುವ ಹಾಗೆ ಇಟ್ಟೆವು. ಕೈ ತೆಗೆಯುವ ಮುಂಚೆ ನಾನು ಮೊಳೆ ಎಣಿಸಿದೆ. ಎಂಟು. ತಗಡು ಮಡಚಿದ್ದ ಅಂಚಿನ ಅಡಿಗೆ ಹೆಬ್ಬೆರಳು ತೂರಿಸಿದೆ. ಒಂಬತ್ತನೆಯದು ಅಲ್ಲೇ ಇತ್ತು.